ಮೂರು ದಾಳ, ಬಿದ್ದ ಕ್ರಮದಲ್ಲೇ

ಭಾನುವಾರ ಮೂರು ಗಂಟೆಗೆ, ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಹಿಂದೆ
ಧರಣೇಂದ್ರನ ಬೈಂಡಿಂಗ್ ಅಂಗಡಿ ಅರ್ಧ ಷಟರ್ ಎಳೆದಿರುತ್ತದೆ.
ಬಗ್ಗಿ ಒಳಗೆ ಹೋಗಬೇಕು.
ಅಂಟಿನ ವಾಸನೆ, ಹರಿದ ಲೆಡ್ಜರುಗಳು, ನಡುವೆ ಕಾಗದ ಕತ್ತರಿಸುವ ಮೇಜು;
ಅದರ ಮೇಲೆ ಇವತ್ತು ನಾವು ಹೊಸದಾಗಿ ಹುಟ್ಟಬೇಕು.

ಹಳೆಯ ಮೂವರೂ ಕಳೆದ ವಾರ ಸುರಂಗದಲ್ಲಿ ಸತ್ತರು.
ನನ್ನ ಬಿಲ್ಲುಗಾತಿ ಕೊನೆಗೆ ಸತ್ತಳು, ಒಂದು ಬಾಣ ಉಳಿಸಿಕೊಂಡು.

ಈಗ ಜಗಳ: ಹುಟ್ಟುವುದು ಹೇಗೆ?

ಇಮ್ತಿಯಾಜನಿಗೆ ನಾಲ್ಕು ದಾಳ ಬೇಕು. ಎಸೆದು,
ತೀರಾ ಸಣ್ಣದನ್ನು ಬಿಟ್ಟು, ಉಳಿದ ಮೂರು ಕೂಡುವುದು.
ಮಂಡಿಯಲ್ಲಿ ಆಲೂಗಡ್ಡೆ ಆರಿಸುವವನು;
ಗೋಲಿ ಗಾತ್ರದ್ದು ಕಂಡರೆ ಕೈ ತಾನಾಗೇ ಪಕ್ಕಕ್ಕೆ ತಳ್ಳುತ್ತದೆ.
‘ಗೋಲಿ ಇಟ್ಕಂಡ್ ಯಾವನಾದ್ರೂ ಚೀಲ ಹೊಲೀತಾನಾ ಅಕ್ಕಾ?’

ದಾಕ್ಷಾಯಿಣಿಗೆ ದಾಳವೇ ಬೇಡ.
ಎಲ್ಲರಿಗೂ ಇಪ್ಪತ್ತೇಳು ಅಂಕ, ಸಮ. ಸಂತೆಗೆ ಹೋದ ಹಾಗೆ
ಬಲ ಇಷ್ಟು, ಬುದ್ಧಿ ಇಷ್ಟು, ಚುರುಕು ಇಷ್ಟು, ಕೊಂಡು ತರುವುದು.
ಸಾಲಗಾಮೆ ರಸ್ತೆಯ ಶಾಲೆಯಲ್ಲಿ ಹದಿನಾಲ್ಕು ವರ್ಷ ಉತ್ತರಪತ್ರಿಕೆ ತಿದ್ದಿ
ಒಮ್ಮೆಯೂ ಕಂಡಿಲ್ಲವಂತೆ, ಸಮ. ‘ಇಲ್ಲಾದ್ರೂ ನೋಡೋಣ ಬಿಡ್ರೀ.’
ಪ್ರತಿ ಸಲವೂ ವರ್ಚಸ್ಸಿನಲ್ಲೇ ಉಳಿತಾಯ ಮಾಡುತ್ತಾಳೆ.
ನೋಡಿದ್ದೇನೆ, ಹೇಳಿಲ್ಲ.

ಧರಣೇಂದ್ರ ಕನ್ನಡಕ ಒರೆಸಿ ಹಳೆಯ ವಿಧಾನ ಹೇಳಿದ:
ಮೂರು ದಾಳ. ಆರು ಸಲ. ಬಿದ್ದದ್ದು ಬಿದ್ದ ಹಾಗೆ, ಬಿದ್ದ ಕ್ರಮದಲ್ಲೇ.
ಯಾರಾಗಬೇಕು ಅಂತ ಮೊದಲೇ ಅಂದುಕೊಂಡು ಬರುವ ಹಾಗಿಲ್ಲ;
ಎಸೆದಾದ ಮೇಲೆ ನೋಡಬೇಕು, ಯಾರು ಬಂದಿದ್ದಾರೆ ಅಂತ.

ನಾನು ಕೈ ಎತ್ತಿದೆ.

ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನ ನರ್ಸು, ಜಸಿಂತಾ.
ನನಗೂ ಅಂಕ ಬರೆಯುವ ಕೆಲಸವೇ.
ಮಗು ಹೊರಬಂದ ಒಂದನೇ ನಿಮಿಷಕ್ಕೆ: ಬಣ್ಣ, ನಾಡಿ,
ಮುಖ ಕಿವುಚುತ್ತದೋ, ಕೈಕಾಲು ಮಡಿಸುತ್ತದೋ, ಉಸಿರು.
ಒಂದೊಂದಕ್ಕೆ ಸೊನ್ನೆ, ಒಂದು, ಇಲ್ಲವೇ ಎರಡು. ಕೂಡಿ ಬರೆ.
ಆಯಾ ನಿಂಗಾಜಮ್ಮನ ಪ್ರಕಾರ ಇದೆಲ್ಲ ಅವಸರದ ಲೆಕ್ಕ;
ವಿಧಿಯಮ್ಮ ಬರುವುದು ಆರನೇ ರಾತ್ರಿ, ಅಲ್ಲಿಯ ತನಕ ಹಣೆ ಖಾಲಿ ಸ್ಲೇಟು.
‘ನಿಮ್ ಪೆನ್ನಿಗಿಂತ ಅವಳ್ ಬಳಪ ಗಟ್ಟಿ, ಸಿಸ್ಟರೇ.’

ಬಲಕ್ಕೆ ಎಸೆದೆ: ಎರಡು, ಎರಡು, ಒಂದು. ಐದು.
ಇಮ್ತಿಯಾಜ್ ‘ಥೂ’ ಅಂದ.
ಚುರುಕು ಹನ್ನೊಂದು. ಮೈತಾಳಿಕೆ ಆರು. ಬುದ್ಧಿ ಒಂಬತ್ತು.
ವಿವೇಕ: ಆರು, ಆರು, ಐದು. ದಾಕ್ಷಾಯಿಣಿ ಕೂಡ ಬಗ್ಗಿ ನೋಡಿದಳು.
ವರ್ಚಸ್ಸು ಏಳು.

ಇಷ್ಟು ಸೊರಗಿದ್ದರೆ ಹರಿದು ಹಾಕಬಹುದು, ನಿಯಮ ಇದೆ,
ಅಂದ ಧರಣೇಂದ್ರ. ಹಾಳೆಗೂ ಕೈ ಚಾಚಿದ.
ಬೈಂಡಿಂಗ್ ಅಂಗಡಿಯಲ್ಲಿ ಕಾಗದಕ್ಕೇನು ಬರ.

ಗುರುವಾರ ರಾತ್ರಿ ಎರಡೂಕಾಲಿಗೆ, ಆಲೂರಿನ ಕಡೆಯ ಹೆಂಗಸು.
ಮಗು ನೀಲಿ. ನಾನು ಬರೆದದ್ದು ಮೂರು.
ಆಮೇಲೆ ಬರೆಯಲು ಬಿಡುವಿರಲಿಲ್ಲ: ಒರೆಸಿ, ಬೆನ್ನು ಉಜ್ಜಿ,
ಬೆರಳಗಲದ ಮಾಸ್ಕು ಒತ್ತಿ, ಚೀಲದ ಗಾಳಿ
ಹಿಂಡು, ಎರಡು, ಮೂರು, ಹಿಂಡು, ಎರಡು, ಮೂರು,
ಗೋಡೆ ಗಡಿಯಾರದ ಸಣ್ಣ ಮುಳ್ಳಿಗೆ ಕಣ್ಣು ಕಟ್ಟಿ.
ಐದನೇ ನಿಮಿಷಕ್ಕೆ ಇನ್ನೊಂದು ಕಾಲಂ ಇರುತ್ತದೆ.
ಇಡೀ ಚಾರ್ಟಿನಲ್ಲಿ ನನಗೆ ಇಷ್ಟವಾದದ್ದು ಅದೊಂದೇ,
ಮೊದಲ ಅಂಕ ಅಳಿಸದೆ ಪಕ್ಕದಲ್ಲಿ ಬರೆಯುವ ಜಾಗ.
ಎಂಟು ಬರೆದೆ. ಕೈ ನಡುಗಿ ಎಂಟು ಸೊಟ್ಟಗಾಯಿತು.

ಇದನ್ನೆಲ್ಲ ಅಲ್ಲಿ ಹೇಳಲಿಲ್ಲ.
ಹಾಳೆಯ ಮೇಲೆ ಅಂಗೈ ಇಟ್ಟು ‘ಇರಲಿ ಬಿಡು’ ಅಂದೆ.

ಬಲ ಐದು. ಒಂದು ಗುರಾಣಿ ಎತ್ತಲಾರಳು.
ವಿವೇಕ ಹದಿನೇಳು. ಎತ್ತಬಾರದೆಂದು ಗೊತ್ತಿರುವವಳು.
ವರ್ಚಸ್ಸು ಏಳು, ಯಾರೂ ಇವಳ ಮಾತು ಕೇಳುವುದಿಲ್ಲ;
ಹೇಳುತ್ತಲೇ ಇರುತ್ತಾಳೆ: ಆ ಬಾಗಿಲು ಬೇಡ, ಆ ಬಾಗಿಲು ಬೇಡ.
ಸೂಲಗಿತ್ತಿ ಮಾಡೋಣವೇ, ಅಂದೆ.
ಅಂಥ ಕಸುಬು ಪುಸ್ತಕದಲ್ಲಿಲ್ಲ ಅಂದ ಧರಣೇಂದ್ರ;
ಸ್ವಲ್ಪ ಹೊತ್ತು ಬಿಟ್ಟು, ಪೆನ್ಸಿಲ್ ಚೂಪು ಮಾಡಿ,
ಇದೆ ಅಂತ ಬರೆದುಕೊಂಡ.

ಇಮ್ತಿಯಾಜ್ ತನ್ನ ನಾಲ್ಕು ಕುಲುಕಿ ಎಸೆದ. ಆರು, ಐದು, ಐದು.
ನಾಲ್ಕನೆಯದು ಉರುಳಿ ಬಂದು ನನ್ನ ಕಡೆಯ ಅಂಟಿನ ಡಬ್ಬಿಗೆ ತಾಗಿ ನಿಂತಿತು,
ಒಂಟಿಕಣ್ಣು ಮೇಲಕ್ಕೆ.
ಅವನದನ್ನು ಎಣಿಸಲಿಲ್ಲ.
ಮುಂದಿನ ಎಸೆತಕ್ಕೆ ಅದೂ ಬೇಕಲ್ಲ,
‘ಅಕ್ಕಾ, ಅದೊಂದ್ ಇತ್ಲಾಗ್ ಕೊಡಿ’ ಅಂದ.